ಡೇನರಿಗೆ ಕನ್ನಡ ಹೇಳಿಕೊಟ್ಟು ಕಲಿತದ್ದು

ಇಂದಿರಾನಗರದ ನಮ್ಮ ಮನೆಯ ವರಾಂಡದಲ್ಲಿ ಹದಿನೆಂಟು ವರ್ಷದಿಂದ ಹೊರದೇಶದವರಿಗೆ ಆಡುಮಾತಿನ ಕನ್ನಡ ಹೇಳಿಕೊಡುತ್ತಿದ್ದೇನೆ. ಮೊದಮೊದಲು ಜರ್ಮನರು ಬಂದರು, ಜಪಾನಿನವರು ಬಂದರು. ಆಮೇಲೆ ವೈಟ್‌ಫೀಲ್ಡಿನ ಇಪಿಐಪಿ ಬಡಾವಣೆಯಲ್ಲಿ ಕೆಲಸ ಮಾಡುವ ಒಬ್ಬ ಡೇನ್ ಬಂದ. ಇನ್ಸುಲಿನ್ ತಯಾರಿಸುವ ನೊವೊ ನಾರ್ಡಿಸ್ಕ್, ಕಿಣ್ವ ತಯಾರಿಸುವ ನೊವೊಝೈಮ್ಸ್ (2024ರಿಂದ ಅದರ ಹೆಸರು ನೊವೊನೆಸಿಸ್) ಎರಡೂ ಆ ಕಡೆಯೇ ಇರುವುದರಿಂದ ಡೆನ್ಮಾರ್ಕಿನವರು ಅಲ್ಲಿಗೆ ಬರುವುದು ಹೋಗುವುದು ನಡೆದೇ ಇರುತ್ತದೆ. ಒಬ್ಬ ಊರಿಗೆ ಹೊರಡುವ ಮುಂಚೆ ಮುಂದೆ ಬರುವವನಿಗೆ ನನ್ನ ನಂಬರು ಕೊಟ್ಟು ಹೋಗುತ್ತಾನೆ. ಹೀಗೆ ಮೂವತ್ತಕ್ಕೂ ಹೆಚ್ಚು ಡೇನರು ನಮ್ಮ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು ಎದ್ದಿದ್ದಾರೆ. ಈ ಕೆಲಸಕ್ಕೆ ಹೊಸದಾಗಿ ಇಳಿದಿರುವ ಇಬ್ಬರು ಹುಡುಗಿಯರು ಕೇಳಿದರೆಂದು ಇದನ್ನು ಬರೆಯುತ್ತಿದ್ದೇನೆ.

1. ಗಂಟೆಯನ್ನು ಅಂಕಿಯಲ್ಲಿ ಬರೆಸಿಕೊಳ್ಳಿ

ಮೊದಲನೆಯ ಶಿಷ್ಯ ಫೋನಿನಲ್ಲಿ ಇಂಗ್ಲಿಷಿನಲ್ಲೇ ‘ಹಾಫ್ ತ್ರೀ’ಗೆ ಬರುತ್ತೇನೆ ಅಂದ. ಅದನ್ನು ಮೂರೂವರೆ ಎಂದು ತಿಳಿದು ಊಟ ಮುಗಿಸಿ ಒರಗಿಕೊಂಡಿದ್ದೆ. ಎರಡೂವರೆಗೆ ಸರಿಯಾಗಿ ಗೇಟು ಸದ್ದಾಯಿತು. ಡೇನಿಶ್ ನುಡಿಯಲ್ಲಿ ‘ಹಾಲ್ ತ್ರೇ’ ಅಂದರೆ ಮೂರಾಗಲು ಇನ್ನೂ ಅರ್ಧ ಗಂಟೆ ಇದೆ ಎಂದು. ಅವನು ತನ್ನ ಮಾತನ್ನೇ ಇಂಗ್ಲಿಷಿಗೆ ಹಾಕಿ ಹೇಳಿದ್ದ.

ಅವರ ಎಣಿಕೆಯೂ ಹೀಗೆಯೇ. ಐವತ್ತಕ್ಕೆ ‘ಹಾಲ್‌ತ್ರೆಸ್’ ಅನ್ನುತ್ತಾರೆ. ಬಿಡಿಸಿದರೆ ಎರಡೂವರೆ ಇಪ್ಪತ್ತು. ಅರವತ್ತು ಮೂರು ಇಪ್ಪತ್ತು, ಎಪ್ಪತ್ತು ಮೂರೂವರೆ ಇಪ್ಪತ್ತು, ತೊಂಬತ್ತು ನಾಲ್ಕೂವರೆ ಇಪ್ಪತ್ತು. ಅದರ ಮೇಲೆ ಬಿಡಿ ಅಂಕಿ ಮೊದಲು ಬರುತ್ತದೆ. ಇದನ್ನು ಅವನು ಹಾಳೆಯ ಮೇಲೆ ಬಿಡಿಸಿ ತೋರಿಸಿದಾಗ ನನಗೆ ಅಜ್ಜ ನೆನಪಾದರು. ಐಗಳ ಮಠದಲ್ಲಿ ಕಲಿತ ಅರೆ ಮಗ್ಗಿ, ಒಂದೂವರೆ ಮಗ್ಗಿ, ಎರಡೂವರೆ ಮಗ್ಗಿ ಅವರಿಗೆ ಎಂಬತ್ತನೆಯ ವಯಸ್ಸಿನಲ್ಲೂ ಬಾಯಲ್ಲೇ ಇತ್ತು. ಅಡಕೆಯ ಲೆಕ್ಕವೆಲ್ಲ ಅದರಲ್ಲೇ ಮುಗಿಯುತ್ತಿತ್ತು. ಆ ಹಳೆಯ ಮಗ್ಗಿಯನ್ನು ಈಗ ಡೇನರಿಗೆ ಮೊದಲ ವಾರವೇ ಹೇಳಿಕೊಡುತ್ತೇನೆ. ಬೇರೆ ಯಾವ ದೇಶದವರಿಗೂ ಅದು ಅಷ್ಟು ಸಲೀಸಾಗಿ ಹತ್ತಿದ್ದನ್ನು ಕಂಡಿಲ್ಲ. ಕೆ.ಆರ್. ಪುರದ ಸಂತೆಗೆ ಕರೆದುಕೊಂಡು ಹೋದರೆ ‘ಎರಡೂವರೆ ಕೆ.ಜಿ.ಗೆ ಎಷ್ಟಾಯ್ತು?’ ಎಂದು ತಡವರಿಸದೆ ಕೇಳುತ್ತಾರೆ.

2. ಮೊದಲ ಮೂರು ತಿಂಗಳು ‘ನೀನು’ ಎಂಬ ಪದವನ್ನೇ ಹೇಳಿಕೊಡಬೇಡಿ

ಅವರ ಭಾಷೆಯಲ್ಲೂ ಗೌರವದ ‘ನೀವು’ ಇತ್ತು. 1970ರ ದಶಕದ ಹೊತ್ತಿಗೆ ಅದು ದಿನಬಳಕೆಯಿಂದ ಸರಿದುಹೋಯಿತು. ಈಗ ರಾಜಮನೆತನದವರ ಎದುರು ಬಿಟ್ಟರೆ ಅದು ಕೇಳುವುದೇ ಅಪರೂಪ. ಮೇಷ್ಟರಿಗೂ ‘ದು’, ಮಂತ್ರಿಗೂ ‘ದು’. ಅದರ ಹಿಂದೆ ಅಗೌರವವಿಲ್ಲ. ಎಲ್ಲರೂ ಒಂದೇ ಮೆಟ್ಟಿಲ ಮೇಲೆ ನಿಂತಿದ್ದೇವೆ ಎಂಬ ಗಟ್ಟಿಯಾದ ನಂಬಿಕೆಯಿದೆ.

ಆದರೆ ನನ್ನ ಶಿಷ್ಯನೊಬ್ಬ ಎಪ್ಪತ್ತೆಂಟು ವರ್ಷದ ಮನೆ ಮಾಲೀಕರಿಗೆ ‘ನೀನು ಚೆನ್ನಾಗಿದ್ದೀಯಾ?’ ಅಂದಾಗ ಆ ನಂಬಿಕೆ ಅವರಿಗೆ ತಲುಪಲಿಲ್ಲ. ಸಂಜೆ ನನಗೆ ಫೋನ್ ಮಾಡಿ, ‘ಏನಮ್ಮಾ, ನಿಮ್ಮ ಹುಡುಗ ನನ್ನನ್ನ ಏಕವಚನದಲ್ಲಿ ಮಾತಾಡಿಸ್ದ’ ಅಂದರು. ಧ್ವನಿಯಲ್ಲಿ ನೋವಿತ್ತು. ತಪ್ಪು ನನ್ನದು. ನೀನು, ನೀವು ಎರಡನ್ನೂ ಒಂದೇ ದಿನ ಹೇಳಿಕೊಟ್ಟಿದ್ದೆ. ಅವನು ತನ್ನದಕ್ಕೆ ಹತ್ತಿರವಿದ್ದುದನ್ನು ಎತ್ತಿಕೊಂಡ.

ಮೂರು ತಿಂಗಳಾದ ಮೇಲೆ ‘ನೀನು’ ಹೇಳಿಕೊಡುವಾಗ ಇನ್ನೊಂದು ಮಾತು ಸೇರಿಸುತ್ತೇನೆ: ನಮ್ಮಲ್ಲಿ ಅಮ್ಮನಿಗೆ ನೀನು, ದೇವರಿಗೂ ನೀನು. ಇದನ್ನು ಕೇಳಿದ ಓಡೆನ್ಸೆಯ ಹೆಂಗಸೊಬ್ಬರು ಪೆನ್ನು ಕೆಳಗಿಟ್ಟು ಸುಮಾರು ಹೊತ್ತು ಯೋಚಿಸಿದರು. ‘ಹಾಗಾದರೆ ನಮ್ಮ ದೇಶದಲ್ಲಿ ಎಲ್ಲರೂ ಮನೆಯವರು’ ಅಂದರು. ಇದಕ್ಕಿಂತ ಚೆನ್ನಾಗಿ ನಾನು ಡೆನ್ಮಾರ್ಕನ್ನು ವಿವರಿಸಲಾರೆ.

3. ‘ದಯವಿಟ್ಟು’ ಫಲಕದ ಮೇಲೆ ಇರಲಿ

ಇಂಗ್ಲಿಷಿನವರಿಗೆ ಕಲಿಸುವಾಗ ಮೊದಲ ದಿನವೇ ಈ ಪದ ಕೇಳುತ್ತಾರೆ. ಡೇನರು ಕೇಳುವುದಿಲ್ಲ. ಅವರ ನುಡಿಯಲ್ಲೂ ಅದಕ್ಕೆ ಸರಿಸಮನಾದ ಒಂದು ಪದವಿಲ್ಲ. ಕೇಳುವ ಧಾಟಿಯಲ್ಲೇ ವಿನಯ ಇರುತ್ತದೆ. ‘ಸ್ವಲ್ಪ ನೀರು ಕೊಡ್ತೀರಾ?’ ಎಂಬ ನಮ್ಮ ಕ್ರಮ ಅವರಿಗೆ ಮೊದಲೇ ಗೊತ್ತಿರುವಂಥದ್ದು. ಈ ‘ಸ್ವಲ್ಪ’ವನ್ನು ಒತ್ತಿ ಕಲಿಸಿ, ಸಾಕು.

4. ಬಂಧುಗಳ ಹೆಸರಿನಿಂದ ಶುರು ಮಾಡಿದರೆ ಅರ್ಧ ವ್ಯಾಕರಣ ತಾನೇ ಬರುತ್ತದೆ

ಇಂಗ್ಲಿಷಿನ ‘ಆಂಟಿ’ಯಲ್ಲಿ ಅತ್ತೆಯೂ ಚಿಕ್ಕಮ್ಮನೂ ಕಲಸಿಹೋಗುತ್ತಾರೆ. ಡೇನರಲ್ಲಿ ಅಪ್ಪನ ಸೋದರಿ ‘ಫಾಸ್ಟರ್’, ಅಮ್ಮನ ಸೋದರಿ ‘ಮೋಸ್ಟರ್’. ಅಪ್ಪನ ಅಮ್ಮ ‘ಫಾರ್ಮೊರ್’, ಅಮ್ಮನ ಅಮ್ಮ ‘ಮೊರ್ಮೊರ್’. ಅಜ್ಜಿಯರ ವಿಷಯದಲ್ಲಿ ಅವರದು ನಮಗಿಂತ ಖಚಿತ. ಅಕ್ಕನೋ ತಂಗಿಯೋ ಎಂಬಲ್ಲಿ ನಮ್ಮದು ಖಚಿತ. ‘ನಿಮ್ಮ ಮೋಸ್ಟರ್ ಅಮ್ಮನಿಗಿಂತ ದೊಡ್ಡವರಾ, ಚಿಕ್ಕವರಾ?’ ಎಂದು ಕೇಳಿ ‘ದೊಡ್ಡಮ್ಮ’, ‘ಚಿಕ್ಕಮ್ಮ’ ಹೇಳಿಕೊಟ್ಟರೆ ಜನ್ಮದಲ್ಲಿ ಮರೆಯುವುದಿಲ್ಲ.

ಗುರುತಿಲ್ಲದವರನ್ನು ಅಣ್ಣ, ಅಕ್ಕ ಎಂದು ಕರೆಯುವುದು ಮಾತ್ರ ಅವರಿಗೆ ಕಷ್ಟ. ಹಲಸೂರಿನ ಆಟೋ ನಿಲ್ದಾಣದಲ್ಲಿ ನಾನೇ ಪಕ್ಕದಲ್ಲಿ ನಿಂತು ‘ಅಣ್ಣಾ, ಬರ್ತೀರಾ?’ ಅನ್ನಿಸುತ್ತೇನೆ. ಎರಡನೆಯ ಸಲಕ್ಕೆ ಚಾಲಕರ ಮುಖ ಅರಳುವುದನ್ನು ನೋಡಿದರೆ ಆಮೇಲೆ ಹೇಳಿಕೊಡಬೇಕಾಗಿಲ್ಲ.

5. ಏರು, ಇಳಿಜಾರು, ಕೆರೆ

ಅವರ ದೇಶದ ಅತಿ ಎತ್ತರದ ನೆಲ ಸಮುದ್ರಮಟ್ಟದಿಂದ 171 ಮೀಟರು. ಬೆಂಗಳೂರಿನ ನೆಲವೇ 900 ಮೀಟರಿನ ಮೇಲಿದೆ. ‘ಆಕಾಶದ ಬೆಟ್ಟ’ ಎಂಬ ಅರ್ಥದ ಹೆಸರಿರುವ ಅವರ ಹಿಮ್ಮೆಲ್‌ಬ್ಯೆರ್ಗೆಟ್ 147 ಮೀಟರು. ನಮ್ಮ ನಂದಿಬೆಟ್ಟ 1,478. ಹಾಗಾಗಿ ದಿಣ್ಣೆ, ಏರು, ಇಳಿಜಾರು ಎಂಬ ಪದಗಳನ್ನು ಪುಸ್ತಕದಿಂದ ಕಲಿಸಬೇಡಿ, ರಸ್ತೆಯಲ್ಲಿ ನಡೆಸಿ ಕಲಿಸಿ. ಇನ್ನೊಂದು: ಆ ದೇಶದಲ್ಲಿ ಎಲ್ಲಿ ನಿಂತರೂ ಐವತ್ತು ಚಿಲ್ಲರೆ ಕಿಲೋಮೀಟರಿನೊಳಗೆ ಕಡಲು ಸಿಗುತ್ತದೆ. ಬೆಂಗಳೂರಿಗೆ ಬಂದ ಎರಡು ತಿಂಗಳಿಗೆ ಅವರಿಗೆ ನೀರಿನ ಹಂಬಲ ಶುರುವಾಗುತ್ತದೆ. ಆಗ ಪಾಠವನ್ನು ಹಲಸೂರು ಕೆರೆಯ ದಂಡೆಗೆ ಸಾಗಿಸುತ್ತೇನೆ. ಕೆರೆ ಅಂದರೆ ತಾನಾಗಿ ಆದ ಸರೋವರವಲ್ಲ, ಮಳೆನೀರು ಹಿಡಿಯಲು ಜನ ಏರಿ ಕಟ್ಟಿ ಮಾಡಿಕೊಂಡದ್ದು ಎಂದರೆ ಅವರಿಗೆ ಬೆರಗು. ಕೋಡಿ, ತೂಬು, ಏರಿ, ಅಚ್ಚುಕಟ್ಟು ಎಂಬ ನಾಲ್ಕು ಪದ ಅಲ್ಲೇ ಬರುತ್ತವೆ.

ಊರಿನ ಹೆಸರಿನ ಮಾತೂ ಅಲ್ಲೇ ಬರುತ್ತದೆ. ಹಲಸಿನ ಊರು ಹಲಸೂರು, ಇಂಗ್ಲಿಷರ ಬಾಯಲ್ಲಿ ‘ಅಲ್ಸೂರ್’ ಆಯಿತು. ಅವರದೂ ಅದೇ ಕಥೆ. ಅವರ ರಾಜಧಾನಿಯ ಹೆಸರು ಅವರಿಗೆ ‘ಕ್ಯೊಬೆನ್‌ಹೌನ್’, ಅಂದರೆ ವರ್ತಕರ ಬಂದರು. ಕೋಪನ್‌ಹೇಗನ್ ಎಂಬುದು ಹೊರಗಿನವರ ಉಚ್ಚಾರ.

6. ನೆರೆಯವರಿಗೆ ಮೊದಲೇ ಹೇಳಿಡಿ

ಕೇಂಬ್ರಿಡ್ಜ್ ಲೇಔಟಿನಲ್ಲಿ ಒಬ್ಬ ಡೇನಿಶ್ ತಾಯಿ ಐದು ತಿಂಗಳ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ಮೇಲೆ ಸೊಳ್ಳೆಪರದೆ ಹಾಕಿ, ಗೇಟಿನೊಳಗಿನ ಬೇವಿನ ಮರದ ಕೆಳಗೆ ಬಿಟ್ಟು ಒಳಗೆ ಅಡುಗೆ ಮಾಡುತ್ತಿದ್ದರು. ಪಕ್ಕದ ಮನೆಯಾಕೆ ಓಡಿಬಂದು ಮಗುವನ್ನು ಎತ್ತಿಕೊಂಡೇ ಬಾಗಿಲು ಬಡಿದರು. ‘ಮಗೂನ ಹೊರಗೆ ಬಿಟ್ಟಿದ್ದೀರಲ್ರೀ!’ ತಾಯಿಗೆ ಏನು ತಪ್ಪಾಯಿತೆಂದೇ ತಿಳಿಯಲಿಲ್ಲ, ಅತ್ತೇಬಿಟ್ಟರು.

ನನ್ನನ್ನು ಕರೆಸಿದರು. ಡೆನ್ಮಾರ್ಕಿನಲ್ಲಿ ಚಳಿಗಾಲದಲ್ಲೂ ಕೂಸುಗಳನ್ನು ಬೆಚ್ಚಗೆ ಹೊದಿಸಿ ಹೊರಗೇ ಮಲಗಿಸುತ್ತಾರೆ, ತಾಜಾ ಗಾಳಿಯಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ ಎಂಬುದು ಅವರ ಅಜ್ಜಿಯರ ಕಾಲದಿಂದ ಬಂದದ್ದು, ಹಾದುಹೋಗುವವರ ಮೇಲೆ ಅವರಿಗೆ ಅಷ್ಟು ಭರವಸೆ ಎಂದು ವಿವರಿಸಿದೆ. ಪಕ್ಕದ ಮನೆಯಾಕೆ ಸುಮ್ಮನೆ ಕೇಳಿ, ‘ಸರಿ, ಹಾಗಾದ್ರೆ ನಾನು ಇಲ್ಲೇ ಕೂತ್ಕೋತೀನಿ’ ಎಂದು ಕುರ್ಚಿ ತಂದು ಗಾಡಿಯ ಪಕ್ಕ ಹಾಕಿಕೊಂಡರು. ಎರಡು ವರ್ಷ ಮಧ್ಯಾಹ್ನ ಹೂ ಕಟ್ಟುತ್ತ ಅಲ್ಲೇ ಕೂತರು. ಆ ತಾಯಿ ಕಲಿತ ಕನ್ನಡದಲ್ಲಿ ನನ್ನ ಪಾಲಿಗಿಂತ ಅವರ ಪಾಲು ದೊಡ್ಡದು. ಅಂದಿನಿಂದ ಹೊಸ ಕುಟುಂಬ ಬಂದರೆ ಅಕ್ಕಪಕ್ಕದ ಎರಡು ಮನೆಗೆ ನಾನೇ ಮೊದಲು ಹೋಗಿ ಮಾತಾಡಿಸಿ ಬರುತ್ತೇನೆ.

7. ಇಂಗ್ಲಿಷಿಗೆ ಜಾರುವ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಆದರೆ ಜಾರುವುದನ್ನು ಗಮನಿಸಿ

ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಶಿಷ್ಯರನ್ನು ಕರೆದುಕೊಂಡು ಹೋಗುವುದು ನನ್ನ ಕ್ರಮ. 1927ರಲ್ಲಿ ಕಟ್ಟಿದ ಆ ಕಟ್ಟಡದೊಳಗೆ ದಖ್ಖನಿ, ತಮಿಳು, ಕನ್ನಡ ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಹುಡುಗ ವಾರವೆಲ್ಲ ಉರು ಹೊಡೆದು ‘ಕ್ಯಾರೆಟ್ ಕೆ.ಜಿ. ಎಷ್ಟು?’ ಅನ್ನುತ್ತಾನೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಮೊದಲೆಲ್ಲ ನನಗೆ ಕೋಪ ಬರುತ್ತಿತ್ತು. ಈಗ ಮುಂಚೆಯೇ ಹೋಗಿ ‘ಇವರು ಕಲೀತಿದ್ದಾರೆ, ಕನ್ನಡದಲ್ಲೇ ಹೇಳಿ’ ಅನ್ನುತ್ತೇನೆ. ಎಷ್ಟು ಪ್ರೀತಿಯಿಂದ ಹೇಳುತ್ತಾರೆಂದರೆ, ಕೊತ್ತಂಬರಿ ಕಟ್ಟೊಂದು ಪುಕ್ಕಟೆ ಬರುತ್ತದೆ.

ಆರ್ಹುಸ್‌ನಿಂದ ಬಂದಿದ್ದ ಒಬ್ಬ ಹುಡುಗ ಇಂಥ ಇಂಗ್ಲಿಷ್ ಉತ್ತರಕ್ಕೆ ಬೇಸರಿಸಲಿಲ್ಲ. ‘ನಮ್ಮೂರಲ್ಲೂ ಹೀಗೇ’ ಅಂದ. ಡೆನ್ಮಾರ್ಕಿನಲ್ಲಿ ಹೊರಗಿನವನು ಒಡಕು ಬಾಯಲ್ಲಿ ಡೇನಿಶ್ ಶುರು ಮಾಡಿದರೆ ಎದುರಿನವರು ತಕ್ಷಣ ಇಂಗ್ಲಿಷಿಗೆ ಬರುತ್ತಾರಂತೆ. ಅವರ ಪಾಲಿಗೆ ಅದು ಉಪಕಾರ; ಕಲಿಯುವವನ ಪಾಲಿಗೆ ಮುಚ್ಚಿದ ಬಾಗಿಲು.

ವಾಪಸು ಬರುವಾಗ ನೂರಡಿ ರಸ್ತೆಯ ಒಂದು ಕಾಫಿ ಅಂಗಡಿಯಲ್ಲಿ ಕೂತೆವು. ಪಕ್ಕದ ಮೇಜಿನ ತಾಯಿ ನನ್ನ ಗುರುತಿನವಳು. ನನ್ನ ಜೊತೆ ಕನ್ನಡದಲ್ಲಿ ಚೆನ್ನಾಗಿ ಮಾತಾಡಿ, ತಿರುಗಿ ಮಗಳಿಗೆ ಇಂಗ್ಲಿಷಿನಲ್ಲಿ ಹಾಲು ಕುಡಿ ಅಂದಳು. ಹುಡುಗ ಮೆಲ್ಲಗೆ ಕೇಳಿದ: ‘ನನ್ನ ಜೊತೆ ಇಂಗ್ಲಿಷ್ ಸರಿ, ನಾನು ಹೊರಗಿನವನು. ಮಗುವಿನ ಜೊತೆ ಯಾಕೆ?’

ಅವನ ದೇಶದ ಜನಸಂಖ್ಯೆ ಸುಮಾರು 60 ಲಕ್ಷ. ಬೆಂಗಳೂರಿನ ಅರ್ಧವೂ ಆಗುವುದಿಲ್ಲ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ. ಆ 60 ಲಕ್ಷ ಜನ ಬಹುತೇಕ ಎಲ್ಲರೂ ಇಂಗ್ಲಿಷನ್ನು ನೀರು ಕುಡಿದಂತೆ ಮಾತಾಡುತ್ತಾರೆ, ಆದರೆ ತಮ್ಮ ಮಕ್ಕಳನ್ನು ಬೈಯುವುದು, ಮುದ್ದಿಸುವುದು, ಲೆಕ್ಕ ಹೇಳಿಕೊಡುವುದು ಡೇನಿಶಿನಲ್ಲಿ. ಹುಡುಗನಿಗೆ ನಾನು ಉತ್ತರ ಕೊಡಲಿಲ್ಲ. ನನ್ನ ಮೊಮ್ಮಗಳೊಡನೆ ನಾನೂ ಆ ತಾಯಿಯಂತೆಯೇ ಮಾತಾಡುತ್ತಿದ್ದೆ. ಅವಳ ಶಾಲೆಗೆ ಅನುಕೂಲವಾಗಲಿ ಎಂದು. ಅವತ್ತು ರಾತ್ರಿಯಿಂದ ಬಿಟ್ಟೆ. ಮಗುವಿಗೆ ಹೊಂದಿಕೊಳ್ಳಲು ವಾರ ಸಾಕಾಯಿತು, ಮಗ-ಸೊಸೆಗೆ ಎರಡು ತಿಂಗಳು ಬೇಕಾಯಿತು.

8. ಮಿಲ್ಲರ್ಸ್ ರಸ್ತೆಗೆ ಒಂದು ಸಲ ಕರೆದುಕೊಂಡು ಹೋಗಿ

ಬೆನ್ಸನ್ ಟೌನಿನ ಮಿಲ್ಲರ್ಸ್ ರಸ್ತೆಯಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜ್ ಇದೆ. 1910ರಲ್ಲಿ ಶುರುವಾದ ಆ ಕಾಲೇಜನ್ನು 1911ರಿಂದ 1924ರವರೆಗೆ ಪ್ರಾಂಶುಪಾಲರಾಗಿ ನಡೆಸಿದವರು ಲಾರ್ಸ್ ಪೀಟರ್ ಲಾರ್ಸೆನ್, ಡೇನಿಶ್ ಮಿಷನರಿ. 1889ರಲ್ಲಿ ಮದರಾಸಿಗೆ ಬಂದ ಅವರು ತಮಿಳನ್ನು ಆಳವಾಗಿ ಕಲಿತು, ತಮಿಳು ಬೈಬಲಿನ ಪರಿಷ್ಕರಣೆಯನ್ನು ಮುನ್ನಡೆಸಿದರು. ಕಂಟೋನ್ಮೆಂಟಿನಲ್ಲಿ ಬ್ರಿಟಿಷ್ ಪಟಾಲಮ್ಮುಗಳು ಕವಾಯತು ಮಾಡುತ್ತಿದ್ದ ಕಾಲದಲ್ಲಿ ಅಲ್ಲಿಂದ ಕೂಗಳತೆಯಲ್ಲಿ ಒಬ್ಬ ಡೇನ್ ದ್ರಾವಿಡ ನುಡಿಯೊಂದರ ವಾಕ್ಯಗಳನ್ನು ತೂಗಿ ನೋಡುತ್ತಿದ್ದರು ಎಂದು ನೆನೆದಾಗಲೆಲ್ಲ ನನಗೆ ಆ ರಸ್ತೆಯ ಮೇಲೆ ಪ್ರೀತಿ ಹೆಚ್ಚುತ್ತದೆ.

ಡೇನರ ನಂಟು ಇನ್ನೂ ಹಿಂದಕ್ಕೆ ಹೋಗುತ್ತದೆ. ಆ ಕಾಲೇಜು ಸೇರಿರುವುದು ಬಂಗಾಳದ ಶ್ರೀರಾಂಪುರ ಕಾಲೇಜಿನ ಸೆನೆಟ್ಟಿಗೆ. ಶ್ರೀರಾಂಪುರ 1755ರಿಂದ 1845ರವರೆಗೆ ಡೇನರ ವಸಾಹತು. ಅವರು ಇಟ್ಟ ಹೆಸರು ಫ್ರೆಡರಿಕ್ಸ್‌ನಗರ. ಅಲ್ಲಿನ ಕಾಲೇಜಿಗೆ ಪದವಿ ಕೊಡುವ ಅಧಿಕಾರ ಬಂದದ್ದು 1827ರಲ್ಲಿ ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡರಿಕ್ ಕೊಟ್ಟ ಸನ್ನದಿನಿಂದ. 1845ರಲ್ಲಿ ಡೇನರು ಶ್ರೀರಾಂಪುರವನ್ನೂ ತಮಿಳು ಕರಾವಳಿಯ ತರಂಗಂಬಾಡಿಯನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಮಾರಿ ಹೋದರು. ಸನ್ನದು ಉಳಿಯಿತು. ಇಂದಿಗೂ ಬೆನ್ಸನ್ ಟೌನಿನ ವಿದ್ಯಾರ್ಥಿಯ ದೇವಶಾಸ್ತ್ರದ ಪದವಿಯ ಬೇರು ಆ ಡೇನಿಶ್ ದೊರೆಯ ಕಾಗದದಲ್ಲಿದೆ.

ಇದಕ್ಕಿಂತ ನನಗೆ ಹತ್ತಿರವಾದದ್ದು ಇನ್ನೊಂದು. ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಇದೇ ಶ್ರೀರಾಂಪುರದಲ್ಲಿ. ವಿವರಣೆ ಇಂಗ್ಲಿಷಿನಲ್ಲಿ, ಆದರೆ ಕನ್ನಡದ ಅಕ್ಷರಗಳು ಅಚ್ಚುಮೊಳೆಯಲ್ಲಿ ಮೂಡಿ ಬಂದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಕೇರಿ ಇಂಗ್ಲೆಂಡಿನವರು, ಆದರೆ ಕಂಪನಿ ತನ್ನ ನೆಲದಲ್ಲಿ ಮಿಷನರಿಗಳಿಗೆ ಅವಕಾಶ ಕೊಡದಿದ್ದಾಗ ಅವರಿಗೂ ಅವರ ಅಚ್ಚುಕೂಟಕ್ಕೂ ನೆರಳು ಕೊಟ್ಟದ್ದು ಡೇನಿಶ್ ಬಾವುಟ.

ನನ್ನ ಶಿಷ್ಯರಲ್ಲಿ ಒಬ್ಬರಿಗೂ ಇದು ಮೊದಲೇ ಗೊತ್ತಿರಲಿಲ್ಲ. ಹಾಗಾಗಿ ಇದನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಓದುವ ಪಾಠವಾಗಿ ಬರೆದಿಟ್ಟುಕೊಂಡಿದ್ದೇನೆ. ಆರನೆಯ ತಿಂಗಳಿಗೆ ಕೊಡುತ್ತೇನೆ. ‘ಅಚ್ಚಾಯಿತು’, ‘ಮಾರಿದರು’, ‘ಉಳಿಯಿತು’ ಎಂಬ ಭೂತಕಾಲದ ರೂಪಗಳು ಈ ಪಾಠದಲ್ಲಿ ಕಲಿತಷ್ಟು ಬೇರೆ ಯಾವುದರಲ್ಲೂ ಕಲಿಯುವುದಿಲ್ಲ. ತಮ್ಮದೇ ಕಥೆ ಓದುತ್ತಿದ್ದೇವೆ ಎಂಬ ಹುರುಪು ಇರುತ್ತದೆ.

9. ಗಡಿಯ ಮಾತು ಬಂದರೆ ಪಠ್ಯ ಮುಚ್ಚಿಡಿ

ನನ್ನ ತವರು ಕಾಸರಗೋಡಿನ ಕುಂಬಳೆ ಕಡೆ. ಒಮ್ಮೆ ಬಂದ ಶಿಷ್ಯೆ ಫ್ಲೆನ್ಸ್‌ಬೋರ್ ಎಂಬ ಊರಿನವಳು. ನೀವು ಡೇನ್ ತಾನೇ ಎಂದರೆ, ‘ಹೌದು, ಆದರೆ ನಮ್ಮೂರು ಜರ್ಮನಿಯಲ್ಲಿದೆ’ ಅಂದಳು. ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ನಾನು ಮದುವೆಯಾಗಿ ಬೆಂಗಳೂರಿಗೆ ಬಂದ ಹೊಸದರಲ್ಲಿ ಎಲ್ಲರಿಗೂ ಹೇಳುತ್ತಿದ್ದದ್ದು ಅದೇ ವಾಕ್ಯ: ನಾನು ಕನ್ನಡದವಳು, ನಮ್ಮೂರು ಕೇರಳದಲ್ಲಿದೆ.

1864ರ ಯುದ್ಧದಲ್ಲಿ ಡೆನ್ಮಾರ್ಕ್ ಸ್ಲೇಸ್ವಿ ಸೀಮೆಯನ್ನು ಕಳೆದುಕೊಂಡಿತು. 1920ರಲ್ಲಿ ಜನಮತ ಕೇಳಿದಾಗ ಉತ್ತರದ ಭಾಗ ಡೆನ್ಮಾರ್ಕಿಗೆ ಮರಳಿತು. ಫ್ಲೆನ್ಸ್‌ಬೋರ್ ಇರುವ ಭಾಗ ಜರ್ಮನಿಯಲ್ಲೇ ಉಳಿಯಿತು. 1955ರಲ್ಲಿ ಎರಡೂ ಸರ್ಕಾರಗಳು ಗಡಿಯ ಈಚೆ ಆಚೆಯ ಅಲ್ಪಸಂಖ್ಯಾತರ ಹಕ್ಕುಗಳನ್ನು ಒಪ್ಪಿ ಘೋಷಣೆ ಹೊರಡಿಸಿದವು. ಜರ್ಮನಿಯೊಳಗೆ ಇಂದಿಗೂ ಡೇನಿಶ್ ಶಾಲೆಗಳಿವೆ, 1869ರಲ್ಲಿ ಆರಂಭವಾದ ಡೇನಿಶ್ ಪತ್ರಿಕೆ ಈಗಲೂ ಹೊರಬರುತ್ತದೆ. ನಮ್ಮಲ್ಲಿ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಅದನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಕಯ್ಯಾರ ಕಿಞ್ಞಣ್ಣ ರೈಯವರು ಕೊನೆಯವರೆಗೂ ದನಿ ಎತ್ತಿದರು. ನಮ್ಮಲ್ಲೂ ಕನ್ನಡ ಶಾಲೆಗಳು ಇವೆ. ಕನ್ನಡ ಬಾರದ ಶಿಕ್ಷಕರನ್ನು ಅಲ್ಲಿಗೆ ನೇಮಿಸಿದಾಗಲೆಲ್ಲ ತಾಯಂದಿರು ಬೀದಿಗಿಳಿಯಬೇಕಾಗುತ್ತದೆ.

ಅವತ್ತು ಪಾಠ ನಡೆಯಲಿಲ್ಲ. ಅವಳ ಶಾಲೆ, ನನ್ನ ಶಾಲೆ, ಅವಳ ಅಜ್ಜಿ ಜರ್ಮನ್ ಅಂಗಡಿಗಳಲ್ಲಿ ದನಿ ತಗ್ಗಿಸಿ ಡೇನಿಶ್ ಮಾತಾಡುತ್ತಿದ್ದುದು, ಕಚೇರಿಯ ಅರ್ಜಿ ಓದಲು ಬಾರದೆ ನನ್ನ ಅಪ್ಪ ಪಕ್ಕದ ಮನೆಯ ಮಲಯಾಳಿ ಹುಡುಗನನ್ನು ಕರೆಯುತ್ತಿದ್ದುದು, ಇವೇ ಮಾತಾದವು. ಎರಡು ಗಂಟೆ ಹೋದದ್ದು ತಿಳಿಯಲಿಲ್ಲ. ಮಾರನೆಯ ವಾರದಿಂದ ಅವಳ ಕನ್ನಡ ಎಲ್ಲರಿಗಿಂತ ಬೇಗ ಬೆಳೆಯಿತು.

10. ಪರೀಕ್ಷೆ ಬೇಡ, ಹಾಡು ಇರಲಿ

ಒಂದು ಕಂಪನಿಯವರು ಹತ್ತು ಗಂಟೆಯ ಪಾಠ, ಕೊನೆಗೊಂದು ಪರೀಕ್ಷೆ, ಪ್ರಮಾಣಪತ್ರ ಬೇಕು ಎಂದು ಕೇಳಿದರು. ಮಾಡಿದೆ. ಎಲ್ಲರೂ ತೇರ್ಗಡೆಯಾದರು, ಒಬ್ಬರಿಗೂ ಕನ್ನಡ ಬರಲಿಲ್ಲ. ಡೇನರಿಗೆ ಕಲಿಕೆಯ ಬೇರೆ ಪರಂಪರೆಯೇ ಇದೆ. ಗ್ರುಂಟ್ವಿಗ್ ಎಂಬ ಪಾದ್ರಿ-ಕವಿಯ ವಿಚಾರದಿಂದ 1844ರಲ್ಲಿ ರೆಡ್ಡಿಂಗ್ ಎಂಬಲ್ಲಿ ಮೊದಲ ಜನತಾ ಪ್ರೌಢಶಾಲೆ ಹುಟ್ಟಿತು. ರೈತರ ಮಕ್ಕಳಿಗಾಗಿ, ತಾಯ್ನುಡಿಯಲ್ಲಿ, ಪರೀಕ್ಷೆಯಿಲ್ಲದ ಶಾಲೆ. ಬೆಳಗ್ಗೆ ಎಲ್ಲರೂ ಕೂಡಿ ಹಾಡಿ ದಿನ ಶುರು ಮಾಡುತ್ತಾರೆ. ಹಳೆಯ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಯ ಯುವಕರಿಗೆಂದು ತೆರೆದ ವಿದ್ಯಾಪೀಠಗಳಿಗೆ ಮಾದರಿ ಈ ಶಾಲೆಗಳೇ. ನಾನೂ ಈಗ ಪಂಜೆ ಮಂಗೇಶರಾಯರ ಒಂದು ಶಿಶುಗೀತೆಯಿಂದ ತರಗತಿ ಶುರು ಮಾಡುತ್ತೇನೆ. ಐವತ್ತು ವರ್ಷದ ಎಂಜಿನಿಯರೂ ನಾಚಿಕೆಯಿಲ್ಲದೆ ಹಾಡುತ್ತಾರೆ, ಮತ್ತು ‘ಳ’ಕಾರ ಹಾಡಿನಲ್ಲಿ ನಾಲಿಗೆಗೆ ಬೇಗ ಹತ್ತುತ್ತದೆ.

11. ‘ತಕ್’ ಎಂಬ ಪದಕ್ಕೆ ಜಾಗ ಕೊಡಿ

ಊಟ ಮುಗಿದ ಕೂಡಲೇ ಡೇನರು ‘ತಕ್ ಫೊ ಮಾಡ್’ ಅನ್ನುತ್ತಾರೆ, ಊಟಕ್ಕೆ ಥ್ಯಾಂಕ್ಸ್ ಎಂದು. ಮನೆಯ ಮಕ್ಕಳೂ ಅಮ್ಮನಿಗೆ ಹೇಳುತ್ತಾರೆ. ಮೊದಲ ಸಲ ಕೇಳಿದಾಗ ಅನ್ನಕ್ಕೆ ಯಾಕೆ ಥ್ಯಾಂಕ್ಸ್ ಎಂದು ನನಗೆ ಮುಜುಗರವಾಗಿತ್ತು. ಆಮೇಲೆ ನಮ್ಮ ಹಿರಿಯರು ಎಲೆಯ ಮುಂದಿನಿಂದ ಏಳುವಾಗ ‘ಅನ್ನದಾತಾ ಸುಖೀಭವ’ ಅನ್ನುತ್ತಿದ್ದುದು ನೆನಪಾಯಿತು. ಈಗ ಅದನ್ನೇ ಹೇಳಿಕೊಡುತ್ತೇನೆ.

ಅವರದು ಇನ್ನೊಂದು ಮಾತಿದೆ, ‘ತಕ್ ಫೊ ಸಿಸ್ಟ್’. ಒಮ್ಮೆ ಕೂಡಿ ಸಮಯ ಕಳೆದವರು ಮತ್ತೆ ಭೇಟಿಯಾದಾಗ ಮೊದಲು ಹೇಳುವುದು ಇದನ್ನು. ಹೋದ ಸಲದ ಭೇಟಿಗೆ ಥ್ಯಾಂಕ್ಸ್ ಎಂದು. ಇದಕ್ಕೆ ಕನ್ನಡದಲ್ಲಿ ಏನು ಎಂದು ಫ್ಲೆನ್ಸ್‌ಬೋರಿನ ಹುಡುಗಿ ಕೇಳಿದ್ದಳು. ನಮ್ಮಲ್ಲಿ ಅಂಥ ಮಾತಿಲ್ಲ ಎಂದಿದ್ದೆ. ಅವಳು ಊರಿಗೆ ಹೊರಡುವ ಹಿಂದಿನ ಸಂಜೆ ಆಷಾಢದ ಮಳೆ ಸುರಿಯುತ್ತಿತ್ತು, ಕರೆಂಟು ಹೋಗಿತ್ತು. ತವರಿನಿಂದ ಬಂದಿದ್ದ ಕೆಸುವಿನ ಎಲೆಯಲ್ಲಿ ಪತ್ರೊಡೆ ಮಾಡಿದ್ದೆ. ಮೇಣದಬತ್ತಿ ಹಚ್ಚಿಟ್ಟು ತಿಂದೆವು.

ಮೂರು ವರ್ಷದ ಮೇಲೆ ಕೆಲಸದ ಮೇಲೆ ಒಂದು ವಾರಕ್ಕೆ ಬಂದಳು. ವೈಟ್‌ಫೀಲ್ಡಿನಿಂದ ಮೆಟ್ರೊ ಹತ್ತಿ ಇಂದಿರಾನಗರದಲ್ಲಿ ಇಳಿದು, ಹೇಳಿದ್ದ ಹೊತ್ತಿಗೆ, ಎರಡೂವರೆಗೆ ಗೇಟು ತೆಗೆದಳು. ಚಪ್ಪಲಿ ಬಿಡುತ್ತಲೇ, ‘ಟೀಚರ್, ಹೋದ ಸಲಕ್ಕೆ ಥ್ಯಾಂಕ್ಸ್’ ಅಂದಳು.

‘ಪತ್ರೊಡೆಗಾ?’

‘ಅದಕ್ಕೂ. ಮಳೆಗೂ.’

‘ಈಗ ಕೆಸುವಿನ ಎಲೆ ಸಿಗೋದಿಲ್ಲಮ್ಮ. ಬಾ, ಒಳಗೆ ಬಾ, ಉಪ್ಪಿಟ್ಟು ಬಿಸಿ ಇದೆ’ ಅಂದೆ. ನಾನು ಅವಳನ್ನು ‘ನೀನು’ ಎಂದು ಕರೆಯಲು ಶುರು ಮಾಡಿ ಎಷ್ಟು ಕಾಲವಾಗಿತ್ತೋ, ಅವಳೇ ಆಮೇಲೆ ಲೆಕ್ಕ ಹಾಕಿ ಹೇಳಿದಳು.